ನಾಲಿಗೆಗೆ ಹತ್ತದ ಆ ಆಪರೇಷನ್ ಹೆಸರು

ಪ್ರಶ್ನೆ (ಮಂಡ್ಯ): ಸರ್, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ನರ್ಸಿಂಗ್ ಕಲಿಯುತ್ತಿದ್ದೇನೆ. ಪಿತ್ತಕೋಶ ತೆಗೆಯುವ ಆಪರೇಷನ್ ಹೆಸರನ್ನು ವಾರ್ಡಿನಲ್ಲಿ ‘ಚೋಲೆಸಿಸ್ಟ…’ ಎಂದು ಓದಲು ಹೋದೆ. ‘ಭಟೂರೆ ಎಲ್ಲಮ್ಮ?’ ಎಂದು ಎಲ್ಲರೂ ನಕ್ಕರು. ಹೇಗೆ ಹೇಳಬೇಕು?

ಉತ್ತರ (ನಿವೃತ್ತ ಶಸ್ತ್ರಚಿಕಿತ್ಸಕ, ಮೈಸೂರು): ನಕ್ಕವರೂ ಒಂದು ಕಾಲಕ್ಕೆ ಹಾಗೆಯೇ ಓದಿದವರು, ಬಿಡಮ್ಮ. ಕೋ-ಲಿ-ಸಿಸ್-ಟೆಕ್-ಟ-ಮಿ. ಒತ್ತು ‘ಟೆಕ್’ ಮೇಲೆ. ಗ್ರೀಕರಲ್ಲಿ ಮೊದಲಕ್ಷರ ನಮ್ಮ ‘ಖ’ದ ಹಾಗಿತ್ತು, ಲ್ಯಾಟಿನ್ನಿನವರು ಅದನ್ನು ಸಿ, ಎಚ್ ಜೋಡಿಸಿ ಬರೆದರು. ಕೊಲೆಸ್ಟ್ರಾಲ್‌ನಲ್ಲಿರುವುದೂ ಅದೇ ಜೋಡಿ. ಅದನ್ನು ಯಾರಾದರೂ ಚೊಲೆಸ್ಟ್ರಾಲ್ ಎನ್ನುತ್ತಾರೆಯೇ?

ಇನ್ನು ಅರ್ಥ. ಮಂಡ್ಯದವಳಿಗೆ ಕಬ್ಬನ್ನು ಗಿಣ್ಣು ನೋಡಿ ಮುರಿಯುವುದನ್ನು ನಾನು ಹೇಳಿಕೊಡಬೇಕೆ? ಖೋಲೆ ಎಂದರೆ ಪಿತ್ತ, ಕುಸ್ಟಿಸ್ ಎಂದರೆ ಚೀಲ: ಎರಡೂ ಸೇರಿದರೆ ನಮ್ಮ ಪಿತ್ತಕೋಶವೇ! ‘ಎಕ್’ ಎಂದರೆ ಹೊರಕ್ಕೆ, ‘ತೊಮೆ’ ಎಂದರೆ ಕೊಯ್ತ. ಆದರೆ ಉಚ್ಚಾರದಲ್ಲಿ ಗಿಣ್ಣು ಬೇರೆ ಕಡೆ ಬೀಳುತ್ತದೆ. ಕುಸ್ಟಿಸ್ ಇಂಗ್ಲಿಷಿನಲ್ಲಿ ‘ಸಿಸ್ಟೊ’ ಆಗಿದೆ; ಅದರ ಮುಂದೆ ‘ಎಕ್ಟಮಿ’ ಬಂದಾಗ ನಡುವಿನ ‘ಒ’ ಬಿದ್ದುಹೋಗಿ ‘ಸಿಸ್ಟೆಕ್ಟಮಿ’ ಆಗುತ್ತದೆ. ಊರು, ಊರು ಸೇರಿ ಊರೂರು ಆಗುವುದಿಲ್ಲವೇ, ಅದೇ ಲೋಪಸಂಧಿ. ಮುಂದೆ ವ್ಯಂಜನ ಬಂದರೆ ‘ಒ’ ಉಳಿಯುತ್ತದೆ: ಸಿಸ್ಟೊಸ್ಕೊಪಿ (ಮೂತ್ರಕೋಶದೊಳಗೆ ನಳಿಕೆ ಹಾಕಿ ನೋಡುವುದು). ಕನ್ನಡ ಮಾಧ್ಯಮ ಇಲ್ಲಿ ಕೈಹಿಡಿಯಿತು ನೋಡು.

(ಈ ಆಪರೇಷನ್ ಮೊದಲು ಮಾಡಿದವರು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್, 1882ರಲ್ಲಿ. ಅವರ ಹೆಸರಿನ ಕೊನೆಯಲ್ಲೂ ಅದೇ ಸಿ, ಎಚ್!)

ಪ್ರಶ್ನೆ: ಇನ್ನೊಂದು ರೋಗಿಯ ಕೇಸ್ ಶೀಟಿನಲ್ಲಿ ಕೊನೆಗೆ ‘ಎಕ್ಟಮಿ’ ಬದಲು ‘ಆಸ್ಟಮಿ’ ಎಂದಿತ್ತು ಸರ್. ಬರೆಯುವಾಗ ತಪ್ಪಿರಬಹುದೇ?

ಉತ್ತರ: ಇರಲಾರದು, ತಿದ್ದಲು ಹೋಗಬೇಡ. ‘ಸ್ತೋಮ’ ಎಂದರೆ ಗ್ರೀಕಿನಲ್ಲಿ ಬಾಯಿ. ಕೋಲಿಸಿಸ್ಟಾಸ್ಟಮಿಯಲ್ಲಿ ಪಿತ್ತಕೋಶಕ್ಕೆ ದಾರಿ ಮಾಡಿ ನಳಿಕೆ ಇಟ್ಟು ಒಳಗಿನದನ್ನು ಹೊರಕ್ಕೆ ಹರಿಸುತ್ತಾರೆ; ಕೋಶ ಹೊಟ್ಟೆಯೊಳಗೇ ಉಳಿಯುತ್ತದೆ. ದೊಡ್ಡ ಆಪರೇಷನ್ ತಡೆದುಕೊಳ್ಳಲಾಗದಷ್ಟು ನಿತ್ರಾಣರಾದವರಿಗೆ ಹೀಗೆ ಮಾಡುವುದುಂಟು. ಬರೀ ‘ಟಮಿ’ ಎಂದಿದ್ದರೆ ಕೊಯ್ದು ತೆರೆಯುವುದಷ್ಟೇ. ಫೋನಿನಲ್ಲಿ ಮೂರೂ ಒಂದೇ ತರಹ ಕೇಳಿಸುತ್ತವೆ. ಕೇಳಿಸಿಕೊಂಡದ್ದನ್ನು ಹಾಗೆಯೇ ಬರೆಯದೆ, ‘ತೆಗೆಯುವುದೋ, ನಳಿಕೆ ಇಡುವುದೋ?’ ಎಂದು ಮತ್ತೊಮ್ಮೆ ಕೇಳು. ನಗುವವರು ನಗಲಿ.