ಗೋಡೆ ಹತ್ತಿರ ಸರಿ ಬರುವ ವಾಲಿ ಟೆನಿಸ್ ಕೋರ್ಟ್‌ನಲ್ಲಿ ನೆಟ್‌ಗೆ ಬೀಳುತ್ತೆ, ಯಾಕೆ?

ಕುವೆಂಪುನಗರ_ಲೆಫ್ಟಿ:
ಸಾಕಾಗಿ ಹೋಗಿದೆ. ದಿನಾ ಬೆಳಿಗ್ಗೆ ಗೋಡೆಗೆ ವಾಲಿ (ಚೆಂಡು ನೆಲಕ್ಕೆ ಬೀಳೋ ಮೊದಲೇ ಹೊಡೆಯೋದು) ಹೊಡೆಯುತ್ತೇನೆ, ಒಂದೂ ತಪ್ಪಲ್ಲ. ಸಂಜೆ ಡಬಲ್ಸ್‌ಗೆ ನಿಂತರೆ ಚೆಂಡು ಸೀದಾ ನೆಟ್‌ಗೆ. ಪಾರ್ಟ್ನರ್ ಮುಖ ನೋಡೋಕಾಗಲ್ಲ. ರಾಕೆಟ್ ಎಲ್ಲಾ ಚೆನ್ನಾಗೇ ಇದೆ. ಯಾವ ಡ್ರಿಲ್ ಮಾಡಲಿ?

ಗಟ್_ಗೌಡ_ಮಂಡ್ಯ:
ಗಟ್, ಅಂದ್ರೆ ರಾಕೆಟ್ ತಂತಿ, ಯಾವುದು? ಎಷ್ಟು ಪೌಂಡ್ ಬಿಗಿ? ಪಾಲಿಯೆಸ್ಟರ್ ಬಿಗಿಯಾಗಿ ಹಾಕಿಸಿದ್ದರೆ ಚೆಂಡು ಸತ್ತ ಹಾಗೆ ಬೀಳುತ್ತೆ. 50ಕ್ಕೆ ಇಳಿಸಿ ನೋಡಿ.

ಬೇಸ್‌ಲೈನ್_ಭಟ್ಟ:
ಗೌಡ್ರೇ, ಎಲ್ಲದಕ್ಕೂ ಗಟ್ಟೇನಾ? ಗೋಡೆಗೂ ಅದೇ ರಾಕೆಟ್ ತಾನೇ? ಲೆಫ್ಟಿ ಸರ್, ಫೋರ್‌ಹ್ಯಾಂಡ್ ಕಡೆನಾ, ಬ್ಯಾಕ್‌ಹ್ಯಾಂಡ್ ಕಡೆನಾ? ಹಿಡಿತ ಕಾಂಟಿನೆಂಟಲ್ಲಾ? ಸುತ್ತಿಗೆ ಹಿಡಿದ ಹಾಗಿರಬೇಕು.

ಕುವೆಂಪುನಗರ_ಲೆಫ್ಟಿ:
ಎರಡೂ ಕಡೆ. ಗಟ್ ಅಂಗಡಿಯವರು ಹಾಕಿದ್ದು, ಪೌಂಡ್ ಗೊತ್ತಿಲ್ಲ.

ಗಟ್_ಗೌಡ_ಮಂಡ್ಯ:
ನೋಡಿದ್ರಾ! ರೋಗ ಅಲ್ಲೇ ಇದೆ.

ಮಣ್ಣಿನ_ಕೋರ್ಟ್:
ಗೋಡೆ ಮೇಲೆ ನೆಟ್ ಗೆರೆ ಎಳೆದಿದ್ದೀರಾ? ನೆಟ್ ನಡುವೆ 3 ಅಡಿ, ಕಂಬದ ಹತ್ತಿರ ಮೂರೂವರೆ. ಗೆರೆ ಇಲ್ಲದಿದ್ದರೆ 2 ಅಡಿಗೆ ಬಡಿದ ಚೆಂಡೂ ವಾಪಸ್ ಬರುತ್ತೆ, ನೀವು ಸರಿಯಾಯ್ತು ಅಂದುಕೊಳ್ಳುತ್ತೀರಿ.

ಇನ್ನೊಂದು ವಿಷಯ. ಡಬಲ್ಸ್‌ನಲ್ಲಿ ಚೆಂಡು ಕಾಲ ಬುಡಕ್ಕೇ ಬರುವುದು. ಸೊಂಟ ಬಗ್ಗಿಸಿ ರಾಕೆಟ್ ತಲೆ ಇಳಿಬಿಟ್ಟರೆ ನೆಟ್ಟೇ ಗತಿ. ಮಂಡಿ ಬಗ್ಗಿಸಿ, ರಾಕೆಟ್ ಮುಖ ಸ್ವಲ್ಪ ಮೇಲಕ್ಕೆ ತೆರೆಯಿರಿ. ಬೀಸಬೇಡಿ. ಪಾರ್ಟ್ನರನ್ನು ಆಚೆ ಸರ್ವಿಸ್ ಲೈನ್‌ನಲ್ಲಿ ನಿಲ್ಲಿಸಿ, ಬೇಕಂತಲೇ ಕಾಲ ಬುಡಕ್ಕೆ ಹಾಕಿಸಿಕೊಳ್ಳಿ. ಅವರು ಹೊಡೆಯುವ ಹೊತ್ತಿಗೆ ನಿಮ್ಮದು ಚಿಕ್ಕ ಎಗರು, ಅದೇ ಸ್ಪ್ಲಿಟ್ ಸ್ಟೆಪ್, ಆಮೇಲೆ ಮುಂದಕ್ಕೆ ಒಂದು ಹೆಜ್ಜೆ. ರಾಕೆಟ್ ಹಿಂದಕ್ಕೆ ಎಳೆಯುವ ಚಾಳಿ ಇದ್ದರೆ ಕೋರ್ಟ್ ಬೇಲಿಗೆ ಬೆನ್ನು ಕೊಟ್ಟು ವಾಲಿ ಮಾಡಿ. ಎಳೆದರೆ ಬೇಲಿಗೆ ಬಡಿಯುತ್ತೆ.

ಗಟ್_ಗೌಡ_ಮಂಡ್ಯ:
ಮಂಡಿ ಬಗ್ಗಿಸಿ ಅಂತ ಹೇಳೋದು ಸುಲಭ. ವಯಸ್ಸು ಬೇಡ್ವಾ?

ಮಣ್ಣಿನ_ಕೋರ್ಟ್:
ನಮ್ಮ ಪಕ್ಕದ ಕೊಡಗಿನ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ 43 ವರ್ಷ. ನೆಪ ಬಿಡಿ.

ಗಟ್_ಗೌಡ_ಮಂಡ್ಯ:
ಅವರ ಗಟ್ ಅವರೇ ಹೇಳಿ ಹಾಕಿಸುತ್ತಾರೆ, ಅಂಗಡಿಯವರು ಹಾಕಿದ್ದಲ್ಲ. ನನ್ನ ಹತ್ತಿರ ಒಂದೇ ಮಾಡೆಲ್‌ನ ಮೂರು ರಾಕೆಟ್ ಇವೆ. ಉದ್ದಕ್ಕೆ ಪಾಲಿ 48, ಅಡ್ಡಕ್ಕೆ ಸಿಂಥೆಟಿಕ್ 50. ಹಿಡಿಕೆ ಮೇಲಿನ ಓವರ್‌ಗ್ರಿಪ್ ವಾರಕ್ಕೊಮ್ಮೆ ಬದಲಾಗಬೇಕು.

ಸರ್ವ್_ಮಾಡಿ_ಓಡು:
ಗೌಡ್ರೇ, ಮಂಡ್ಯದಲ್ಲಿ ಗಟ್ ಹಾಕೋರು ಯಾರಿದ್ದಾರೆ? ನಾನು ಮೈಸೂರಿಗೇ ಹೋಗಬೇಕಾಗಿದೆ.

ಗಟ್_ಗೌಡ_ಮಂಡ್ಯ:
ನಮ್ಮನೇಲೇ ಮೆಷಿನ್ ಇದೆ. ಭಾನುವಾರ ಬನ್ನಿ, ಫೋಟೋ ಹಾಕುತ್ತೇನೆ ನೋಡಿ.

ಬೇಸ್‌ಲೈನ್_ಭಟ್ಟ:
ಸುಮ್ನೆ ಎಲ್ಲೆಲ್ಲೋ ಹೋಯ್ತು. ಲೆಫ್ಟಿ ಸರ್, ಹಿಡಿತ ಯಾವುದು ಅಂತ ನೀವು ಹೇಳಲೇ ಇಲ್ಲ.

ಕುವೆಂಪುನಗರ_ಲೆಫ್ಟಿ:
ಹಿಡಿತ ಮಾಮೂಲಿನೇ, ಎಲ್ಲರ ಥರ. ಬೇಲಿ ಡ್ರಿಲ್ ಮಾಡಿದೆ. ಪ್ರತಿ ಸಲ ಠಣ್ ಅಂತ ಬಡಿದು ಫ್ರೇಮ್ ತುದಿಯ ಬಣ್ಣ ಕಿತ್ತುಬಂತು. ಮೈಸೂರಲ್ಲಿ ಇದಕ್ಕೆ ಟಚಪ್ ಪೇಂಟ್ ಎಲ್ಲಿ ಸಿಗುತ್ತೆ?

ಬೇಸ್‌ಲೈನ್_ಭಟ್ಟ:
ಮಾಮೂಲಿ ಅಂದ್ರೆ ಯಾವುದು ಸ್ವಾಮಿ?