ಸಾಕಿದ ಹಾವಿಗೆ ಈಜು ವ್ಯಾಯಾಮವಾ? ಡಾಕ್ಟರನ್ನ ಕೇಳಿ

ಅಡ್ಮಿನ್: ಈ ವಾರದ ವಿಷಯ ಇದೇ. ಸರೀಸೃಪಗಳಿಗೆ ಚಿಕಿತ್ಸೆ ಕೊಡೋ ಪಶುವೈದ್ಯರು ಬಿಡುವಾದಾಗ ಉತ್ತರ ಬರೀತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಸುರುಳಿ: ನಮಸ್ತೆ ಸರ್. ನಂದು ಬಾಲ್ ಪೈಥಾನ್, ಹೆಣ್ಣು, 4 ವರ್ಷ, 2.6 ಕೆಜಿ. ತುಂಬಾ ದಪ್ಪ ಆಗಿದೆ. ವಾರಕ್ಕೆರಡು ಸಲ ಟಬ್ ತುಂಬಿಸಿ ಅರ್ಧ ಗಂಟೆ ಈಜಿಸಿದ್ರೆ ತೂಕ ಇಳಿಯುತ್ತೆ ಅಂತ ವಿಡಿಯೋದಲ್ಲಿ ನೋಡಿದೆ. ಶುರು ಮಾಡಬಹುದಾ?

ಡಾಕ್ಟರ್: ಸರ್ ಅಲ್ಲ, ಮೇಡಂ. ಈಜಿ ಸಣ್ಣಗಾದ ಹಾವನ್ನ ನಾನಂತೂ ನೋಡಿಲ್ಲ. ನಮ್ಮ ಹಾಗೆ ಮೈ ಬೆಚ್ಚಗಿಟ್ಟುಕೊಳ್ಳೋಕೆ ಅದು ತಿಂದದ್ದನ್ನ ಸುಡಲ್ಲ, ಹಾಗಾಗಿ ಅದರ ದಿನದ ಖರ್ಚೇ ಕಮ್ಮಿ. ಅರ್ಧ ಗಂಟೆ ನೀರಲ್ಲಿ ಒದ್ದಾಡಿದ್ರೆ ಇಲಿ ಬಾಲದಷ್ಟೂ ಕರಗಲ್ಲ. ಎಷ್ಟು ದಿನಕ್ಕೊಮ್ಮೆ ಏನು ಕೊಡ್ತೀರಿ?

ಸುರುಳಿ: ವಾರಕ್ಕೊಂದು ದೊಡ್ಡ ಇಲಿ ಮೇಡಂ. ಕೊಟ್ಟರೆ ಬೇಡ ಅನ್ನಲ್ಲ.

ಡಾಕ್ಟರ್: ಬೇಡ ಅನ್ನಲ್ಲ, ಅದು ಅದರ ಹುಟ್ಟುಗುಣ. ಬೆಳೆದ ಬಾಲ್ ಪೈಥಾನ್‌ಗೆ ಎರಡು ಮೂರು ವಾರಕ್ಕೊಂದು ಇಲಿ ಸಾಕು, ಅದೂ ಹಾವಿನ ಮೈಯ ದಪ್ಪ ಮೀರದಂಥದ್ದು. ಹಾಗಂತ ದಿಢೀರ್ ಉಪವಾಸ ಹಾಕಬೇಡಿ, ಅಂತರ ನಿಧಾನಕ್ಕೆ ಹೆಚ್ಚಿಸಿ. ಹಾವು ಪೂರ್ತಿ ಮೈ ಚಾಚುವಷ್ಟು ಉದ್ದದ ಎನ್‌ಕ್ಲೋಷರ್, ಅಂದ್ರೆ ಹಾವಿನ ಗೂಡು, ಕೊಡಿ, ಭಾರ ತಡೆಯೋ ಒಂದೆರಡು ಕೊಂಬೆ ಅಡ್ಡ ಕಟ್ಟಿ. ರಾತ್ರಿ ಎದ್ದು ನೋಡಿ, ತಾನೇ ಹತ್ತುತ್ತೆ.

ಕಾರ್ನ್‌ಪ್ರಿಯ: ಆದರೆ ಮೇಡಂ, ನಮ್ಮ ಕಾರ್ನ್ ಸ್ನೇಕ್ ನೀರಿಗೆ ಬಿಟ್ಟ ತಕ್ಷಣ ಎಷ್ಟು ಚುರುಕಾಗಿ ಈಜುತ್ತೆ ಗೊತ್ತಾ? ಖುಷಿಪಡುತ್ತೆ.

ಡಾಕ್ಟರ್: ಬಾವಿಗೆ ಬಿದ್ದವನೂ ಚುರುಕಾಗೇ ಕೈಕಾಲು ಆಡಿಸ್ತಾನೆ. ತಲೆ ಎತ್ತಿಕೊಂಡು ಟಬ್ಬಿನ ಅಂಚಿಗೇ ಸುತ್ತು ಹಾಕ್ತಿದ್ರೆ, ಮೂತಿಯಿಂದ ಗೋಡೆ ನೂಕ್ತಿದ್ರೆ, ನಿಮ್ಮ ಕೈ ಕಂಡ ಕೂಡಲೇ ಹತ್ತಿಬಂದ್ರೆ ಅದು ದಾರಿ ಹುಡುಕ್ತಿದೆ ಅಂತ ಅರ್ಥ. ಪರೀಕ್ಷೆ ಸುಲಭ. ಎನ್‌ಕ್ಲೋಷರ್ ಒಳಗೇ ಅಗಲದ ನೀರಿನ ಪಾತ್ರೆ ಇಡಿ. ಇಷ್ಟ ಇದ್ದರೆ ಅದೇ ಇಳಿಯುತ್ತೆ, ಸಾಕಾದಾಗ ಅದೇ ಏಳುತ್ತೆ.

ಪಟ್ಟೆಪಟ್ಟೆ: ಗಾರ್ಟರ್ ಸ್ನೇಕಿಗೆ?

ಡಾಕ್ಟರ್: ಅದರ ಕಥೆ ಬೇರೆ. ಮೀನು, ಕಪ್ಪೆ ಹಿಡಿದು ನೀರಿನ ಅಂಚಲ್ಲಿ ಬದುಕೋ ಜಾತಿ. ದೊಡ್ಡ ಪಾತ್ರೆ ಇಡಿ, ಪಕ್ಕದಲ್ಲಿ ಪೂರ್ತಿ ಒಣ ಜಾಗವೂ ಇರಲಿ. ಸದಾ ಒದ್ದೆಯಲ್ಲಿ ಮಲಗಿದ್ರೆ ಹೊಟ್ಟೆಯ ಹುರುಪೆಗಳ ಕೆಳಗೆ ನೀರುಗುಳ್ಳೆ ಏಳುತ್ತೆ.

ಮಣ್ಣೊಳಗೆ: ಸ್ಯಾಂಡ್ ಬೋವಾಗೆ?

ಡಾಕ್ಟರ್: ಬೇಡ. ಹೆಸರಲ್ಲೇ ಮರಳಿದೆ.

ಎಲ್ಲಾಗೊತ್ತು: ನೀರೊಳ್ಳೆ ಈಜುತ್ತೆ, ಕೇರೆ ಈಜುತ್ತೆ, ಅನಕೊಂಡ ನೀರಲ್ಲೇ ಇರುತ್ತೆ. ಹಾವು ಅಂದ ಮೇಲೆ ಈಜಲೇಬೇಕು. ಈ ಡಾಕ್ಟರ್‌ಗಳು ಸುಮ್ನೆ ಹೆದರಿಸ್ತಾರೆ.

ಕಾರ್ನ್‌ಪ್ರಿಯ: ಈಜೋಕೆ ಬರೋದಕ್ಕೂ ಈಜಲೇಬೇಕು ಅನ್ನೋದಕ್ಕೂ ವ್ಯತ್ಯಾಸ ಇಲ್ವಾ ಮಾರಾಯ್ರೆ? ಬಾಲ್ ಪೈಥಾನ್ ಆಫ್ರಿಕಾದ ಹುಲ್ಲುಗಾವಲಲ್ಲಿ ಬಿಲ, ಹುತ್ತ ಸೇರ್ಕೊಂಡಿರೋ ಪ್ರಾಣಿ.

ಎಲ್ಲಾಗೊತ್ತು: ಐದು ನಿಮಿಷದ ಹಿಂದೆ ನಿಮ್ಮ ಹಾವು ಖುಷಿಪಡ್ತಿತ್ತು. ಈಗ ಆಫ್ರಿಕಾ ನೆನಪಾಯ್ತಾ?

ದೂರದಿಂದ ನಮಸ್ಕಾರ: ಹಾವು ಸಾಕೋದೇ ತಪ್ಪು. ಅದಕ್ಕೆ ಬೇಕಾದ್ದು ಕಾಡು, ನಿಮ್ಮ ಟಬ್ ಅಲ್ಲ.

ಎಲ್ಲಾಗೊತ್ತು: ಹಾಗಾದ್ರೆ ಈ ಗುಂಪಲ್ಲಿ ಏನು ಮಾಡ್ತಿದ್ದೀರಿ?

ಒಳ್ಳೇಮಾತು: ಫಾರ್ವರ್ಡ್ ಆಗಿ ಬಂದದ್ದು, ಉಪಯೋಗ ಆಗಬಹುದು: "ಉಗುರುಬೆಚ್ಚಗಿನ ನೀರಿಗೆ ಒಂದು ಹಿಡಿ ಉಪ್ಪು, ಎರಡು ಚಮಚ ಬೇವಿನೆಣ್ಣೆ, ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿ ಹಾವನ್ನು 40 ನಿಮಿಷ ಈಜಿಸಿ. ಮೈಟ್ ಹುಳ, ಕಫ, ಬೊಜ್ಜು ಮೂರೂ ಮಾಯ."

ಡಾಕ್ಟರ್: ಯಾರೂ ಮಾಡಬೇಡಿ. ಎಣ್ಣೆ ನೀರಿನ ಮೇಲೆ ತೇಲುತ್ತೆ, ಹಾವಿನ ಮೂಗು ಇರೋದೂ ಅಲ್ಲೇ. ನೀಲಗಿರಿಯ ಘಾಟು ಉಸಿರಿನ ದಾರಿಯನ್ನ ಕೆರಳಿಸುತ್ತೆ. ಇನ್ನು ನಿಮ್ಮ ಉಗುರಿಗೆ ಬೆಚ್ಚಗೆ ಅನ್ನಿಸೋ ನೀರು ಹಾವಿಗೆ ಬಿಸಿ. ಥರ್ಮಾಮೀಟರ್ ಅದ್ದಿ ನೋಡಿ, 28ರಿಂದ 30 ಡಿಗ್ರಿ. ಮೈಟ್‌ಗೆ ಬೇರೆ ಔಷಧಿ ಇದೆ. ಬರೀ ಹಾವನ್ನ ತೊಳೆದ್ರೆ ಎನ್‌ಕ್ಲೋಷರ್ ಸಂದಿಯಲ್ಲಿರೋ ಮೊಟ್ಟೆ ಎಲ್ಲಿಗೂ ಹೋಗಲ್ಲ.

ನಿಶಾಚರಿ: ಮೇಡಂ, ಒಂದು ಚಿಕ್ಕ ಡೌಟ್. ಒಂದು ತಿಂಗಳಿಂದ ನಮ್ಮ ಬಾಲ್ ಪೈಥಾನ್‌ನ ಈಜಿಸ್ತಿದ್ದೀನಿ. ಎರಡು ದಿನದಿಂದ ತಲೆ ಮೇಲಕ್ಕೆತ್ತಿಕೊಂಡೇ ಕೂತಿದೆ. ಮೂಗಲ್ಲಿ ಸಣ್ಣ ಗುಳ್ಳೆ, ಉಸಿರಾಡುವಾಗ ಟಿಕ್ ಟಿಕ್ ಸದ್ದು. ಈಜೋದನ್ನ 15 ನಿಮಿಷಕ್ಕೆ ಇಳಿಸಲಾ?

ಸುರುಳಿ: ಮೇಡಂ, ನೀರು ಎಷ್ಟು ಡಿಗ್ರಿ ಇರಬೇಕು?

ಡಾಕ್ಟರ್: ಮೇಲೆ ಬರೆದಿದ್ದೀನಿ.

ನಿಶಾಚರಿ ಅವರೇ, ಇದು ಚಿಕ್ಕ ಡೌಟ್ ಅಲ್ಲ. ಈಜು ಇವತ್ತೇ ನಿಲ್ಲಿಸಿ. ನೀವು ಹೇಳಿದ ಮೂರೂ ಲಕ್ಷಣ ಶ್ವಾಸಕೋಶದ ಸೋಂಕಿನ ಕಡೆಗೇ ಬೆರಳು ತೋರಿಸ್ತಿವೆ. ಹಾವಿಗೆ ನಮ್ಮ ಹಾಗೆ ವಪೆ (ಎದೆ, ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಜೋರಾಗಿ ಕೆಮ್ಮಿ ಕಫ ಹೊರಹಾಕೋಕೆ ಆಗಲ್ಲ. ಶ್ವಾಸಕೋಶ ಉದ್ದನೆಯ ಚೀಲದ ಹಾಗೆ, ಒಳಗೆ ಸೇರಿದ್ದು ಕೆಳಗೇ ನಿಲ್ಲುತ್ತೆ. ತಲೆ ಎತ್ತಿ ಕೂತಿರೋದು ಆಕಾಶ ನೋಡೋಕಲ್ಲ, ಉಸಿರಿನ ದಾರಿ ನೇರ ಮಾಡ್ಕೊಳ್ಳೋಕೆ. ಬಾಯಿ ತೆರೆದು ಉಸಿರಾಡೋಕೆ ಶುರು ಮಾಡಿದ್ರೆ ನಾಳೆವರೆಗೂ ಕಾಯಬೇಡಿ, ರಾತ್ರಿಯಾದ್ರೂ ಹೊರಡಿ.

ನಂಗೆ ಬೇಕಾದ ವಿವರ: ಟಬ್ಬಿನ ನೀರು ಎಷ್ಟು ಡಿಗ್ರಿ ಇತ್ತು? ಈಜಿದ ಮೇಲೆ ಒದ್ದೆ ಮೈಯಲ್ಲೇ ಫ್ಯಾನ್ ಗಾಳಿಗೆ ಬಿಟ್ರಾ? ಎನ್‌ಕ್ಲೋಷರಿನ ಬೆಚ್ಚಗಿನ ತುದಿ, ತಂಪು ತುದಿ ಎಷ್ಟೆಷ್ಟು? ಮನೇಲಿ ಬೇರೆ ಹಾವಿದೆಯಾ, ಈಚೆಗೆ ಹೊಸದು ತಂದ್ರಾ? ಕೊನೇದು ಮುಖ್ಯ. ಶ್ವಾಸಕೋಶಕ್ಕೆ ನೀರು ಹೋಗಿಯೋ ಮೈ ತಣ್ಣಗಾಗಿಯೋ ಬಂದ ಸೋಂಕು ಒಂದು ಬಗೆ. ನಿಡೋವೈರಸ್ ಇನ್ನೊಂದು ಬಗೆ. ಪೈಥಾನ್‌ಗಳಲ್ಲಿ ಅದು ಹೀಗೇ ಶುರುವಾಗಿ ಪಕ್ಕದ ಹಾವಿಗೂ ದಾಟುತ್ತೆ. ಹೊರಗಿಂದ ನೋಡಿ ನಾನೂ ಬೇರೆ ಮಾಡಿ ಹೇಳೋಕಾಗಲ್ಲ, ಬಾಯಿಯ ಸ್ವಾಬ್ ಪರೀಕ್ಷೆಗೆ ಹೋಗಬೇಕು.

ಡಾಕ್ಟರ್ ಸಿಗೋವರೆಗೆ ಬೆಚ್ಚಗಿನ ತುದಿಯನ್ನ 32 ಡಿಗ್ರಿ ಹತ್ರ ಇಡಿ, ಅದರ ರೋಗನಿರೋಧಕ ಶಕ್ತಿ ಕೆಲಸ ಮಾಡೋಕೆ ಶಾಖ ಬೇಕು. ಊಟ ಬೇಡ. ಮನೇಲಿ ಉಳಿದಿರೋ ಮನುಷ್ಯರ ಆಂಟಿಬಯೋಟಿಕ್ ಪುಡಿ ಮಾಡಿ ಬಾಯಿಗೆ ಹಾಕೋದು ಬೇಡವೇ ಬೇಡ. ಹಬೆ ಹಿಡಿಸಬೇಡಿ.

ಒಳ್ಳೇಮಾತು: ಕಫಕ್ಕೆ ನೀಲಗಿರಿ ಹಬೆ ಒಳ್ಳೇದು ಅಂತಾರಲ್ಲ ಮೇಡಂ?

ಡಾಕ್ಟರ್: ಒಂದು ಸಾಲು ಮೇಲೆ ಓದಿ.

ಜೇಡಮೈ: ನಂದು ಸ್ಪೈಡರ್ ಮಾರ್ಫ್, ಅಂದ್ರೆ ಬಾಲ್ ಪೈಥಾನ್‌ನಲ್ಲೇ ಒಂದು ಬಣ್ಣದ ತಳಿ. ತಲೆ ಸ್ವಲ್ಪ ನಡುಗುತ್ತೆ. ಈಜಿಸಿದ್ರೆ ಸರಿಹೋಗುತ್ತಾ?

ಡಾಕ್ಟರ್: ಇಲ್ಲ. ಆ ನಡುಕ ಒಳಕಿವಿಯ ರಚನೆಯ ದೋಷ, ಬಣ್ಣದ ಜೀನ್ ಜೊತೆಗೇ ಬಂದದ್ದು. ಮೇಲು ಕೆಳಗು ಗೊತ್ತಾಗದ ಹಾವನ್ನ ಆಳದ ನೀರಿಗೆ ಬಿಟ್ರೆ ತಲೆಕೆಳಗಾಗಿ ಮುಳುಗುತ್ತೆ. ಕುಡಿಯೋ ಪಾತ್ರೆಯೂ ಆಳ ಇರದಿರಲಿ.

ಹೊಸಬ: ಮರಿಗಳನ್ನ ಎಷ್ಟು ತಿಂಗಳಿಂದ ಈಜಿಸಬಹುದು?

ಪೊರೆ: ಪೊರೆ ತುಂಡು ತುಂಡಾಗಿ ಅಂಟ್ಕೊಂಡಿದೆ. ಈಜಿಸಲಾ?

ಡಾಕ್ಟರ್: ಈಜು ಬೇಡ. ಮುಚ್ಚಳದ ಡಬ್ಬಿಗೆ ಗಾಳಿಗೆ ತೂತು ಮಾಡಿ, ಒದ್ದೆ ಟವೆಲ್ ಹಾಸಿ, ಅರ್ಧ ಗಂಟೆ ಬಿಡಿ. ಕಣ್ಣಿನ ಮೇಲಿನ ಪೊರೆ ಕೈಯಿಂದ ಕೀಳಬೇಡಿ.

ಎಲ್ಲಾಗೊತ್ತು: ನಿನ್ನೆ ಊಟ ಹಾಕಿ ಇವತ್ತು ಈಜಿಸಿದೆ. ಇಲಿ ಪೂರ್ತಿ ಕಕ್ಕಿತು. ಇಲಿ ಹಾಳಾಗಿತ್ತು ಅನ್ಸುತ್ತೆ.

ಕಾರ್ನ್‌ಪ್ರಿಯ: ಇಲಿ ಹಾಳಾಗಿತ್ತಂತೆ 😂 ಹಾವು ಅಂದ ಮೇಲೆ ಈಜಲೇಬೇಕಲ್ವಾ?

ಎಲ್ಲಾಗೊತ್ತು: ನಿಮ್ಮನ್ನ ಕೇಳಿಲ್ಲ.

ಡಾಕ್ಟರ್: ಇಲಿ ಸರಿಯಾಗೇ ಇತ್ತು. ಊಟ ಆದ ಮೇಲೆ 48 ಗಂಟೆ ಮುಟ್ಟಬಾರದು, ಈಜು ದೂರದ ಮಾತು. ಎರಡು ವಾರ ಏನೂ ಕೊಡಬೇಡಿ, ನೀರು ಮಾತ್ರ. ಆಮೇಲೆ ಅರ್ಧ ಗಾತ್ರದ್ದು ಕೊಡಿ. ಇನ್ನೊಮ್ಮೆ ಕಕ್ಕಿದ್ರೆ ತೋರಿಸಿ. ನಾನು ಹೆದರಿಸೋದು ಇದಕ್ಕೇ.

ನಿಶಾಚರಿ: ಮೇಡಂ, ರಾತ್ರಿಯೇ ಕರ್ಕೊಂಡು ಹೋದೆ. ಎಕ್ಸ್‌ರೇಯಲ್ಲಿ ನ್ಯುಮೋನಿಯಾ. ನೀರು ಅಳೆದಿರಲಿಲ್ಲ. ತಂಪು ತುದಿ 21 ಇತ್ತು. ಎರಡು ತಿಂಗಳ ಹಿಂದೆ ಇನ್ನೊಂದು ಬಾಲ್ ಪೈಥಾನ್ ತಂದಿದ್ದೆ, ಅದೇ ಟಬ್ಬಲ್ಲಿ ಎರಡನ್ನೂ ಬಿಡ್ತಿದ್ದೆ. ಸ್ವಾಬ್ ಕಳಿಸಿದ್ದಾರೆ. ಮೂರು ದಿನಕ್ಕೊಮ್ಮೆ ಇಂಜೆಕ್ಷನ್.

ಡಾಕ್ಟರ್: ಹೋಗಿದ್ದು ಒಳ್ಳೇದಾಯ್ತು. ಇಂಜೆಕ್ಷನ್ ಮೈಯ ಮುಂದಿನ ಅರ್ಧಕ್ಕೇ, ಪ್ರತಿ ಸಲ ಜಾಗ ಬದಲಿಸಿ. ಎರಡನೇ ಹಾವು ಬೇರೆ ಕೋಣೆಗೆ, ಅದರ ಸ್ವಾಬೂ ಹೋಗಲಿ, ಆರಾಮಾಗಿ ಕಂಡ್ರೂ. ಮೊದಲು ಅದರ ಕೆಲಸ ಮುಗಿಸಿ, ಕಾಯಿಲೆಯದ್ದನ್ನ ಕೊನೆಗೆ ಮುಟ್ಟಿ, ಕೈ ತೊಳೀರಿ. ಆ ಟಬ್ ಮನೆಯವರು ಸ್ನಾನ ಮಾಡೋದಾ? ಚಿಕ್ಕ ಮಕ್ಕಳಿದ್ದಾರಾ? ಹಾವು ನೀರಲ್ಲಿ ಹೇಲುತ್ತೆ, ಅದರಲ್ಲಿ ಭೇದಿ ತರೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ನಿಶಾಚರಿ: ಮಗಳಿಗೆ ಮೂರು ವರ್ಷ.

ಡಾಕ್ಟರ್: ಟಬ್ ಸೋಪು ಹಾಕಿ ಉಜ್ಜಿ, ಆಮೇಲೆ ಬ್ಲೀಚ್ ನೀರು ಹತ್ತು ನಿಮಿಷ ನಿಲ್ಲಿಸಿ ತೊಳೀರಿ. ಅಲ್ಲಿವರೆಗೆ ಮಗುವಿಗೆ ಬಕೆಟ್ ಸ್ನಾನ. ಭೇದಿ, ಜ್ವರ ಕಂಡ್ರೆ ಮಕ್ಕಳ ಡಾಕ್ಟರ್‌ಗೆ ಮನೇಲಿ ಹಾವಿದೆ ಅಂತ ಮೊದಲೇ ಹೇಳಿ.

ಸುರುಳಿ: ಸರ್, ಹಾಗಾದ್ರೆ ವಾರಕ್ಕೆ ಒಂದೇ ಸಲ ಈಜಿಸಿದ್ರೆ?