ಪದಚರ್ಚೆ: ಬ್ರೇಕ್ ಹೋಸ್ ‘ಮೆದುಗೊಳವೆ’ಯೇ?

ಪ್ರಶ್ನೆ: ಕಾರಿನ ಬ್ರೇಕ್ ಹೋಸ್ (ಚಕ್ರದ ಬ್ರೇಕಿಗೆ ದ್ರವ ಒಯ್ಯುವ, ಬಳುಕುವ ಕೊಳವೆ) ಪರೀಕ್ಷಿಸಿ ಬದಲಿಸುವ ಕುರಿತ ಕನ್ನಡ ಕೈಪಿಡಿಯ ಕರಡಿನಲ್ಲಿ ಹೋಸ್‌ಗೆ ‘ಮೆದುಗೊಳವೆ’, ಬ್ಲೀಡಿಂಗ್‌ಗೆ (ಬ್ರೇಕ್ ಕೊಳವೆಯೊಳಗಿನ ಗಾಳಿ ತೆಗೆಯುವುದಕ್ಕೆ) ‘ದ್ರವಸ್ರಾವ’, ಲೀಕ್‌ಗೆ ಎಲ್ಲ ಕಡೆಯೂ ‘ಸೋರಿಕೆ’ ಎಂದಿದೆ. ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಗ್ಯಾರೇಜಿನವರಿಗೆ ಇವು ಒಗ್ಗುತ್ತವೆಯೇ?

ಉತ್ತರ: ‘ಮೆದುಗೊಳವೆ’ ಗಿಡಕ್ಕೆ ನೀರು ಬಿಡುವ ಪೈಪಿಗೆ ಸರಿ. ಬ್ರೇಕ್ ಹೋಸ್ ಬಳುಕಬೇಕು, ಆದರೆ ಒಳಗಿನ ಒತ್ತಡಕ್ಕೆ ಉಬ್ಬಬಾರದು. ಅದಕ್ಕೇ ಒಳಗಿನ ರಬ್ಬರ್ ಕೊಳವೆಗೂ ಹೊರಗಿನ ಹೊದಿಕೆಗೂ ನಡುವೆ ಹೆಣೆದ ನೂಲಿನ ಪದರ ಇರುತ್ತದೆ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪೈಪು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕನ್ನಡ ಪದವೇ ಬೇಕೆಂದರೆ ‘ಬಳುಕುಗೊಳವೆ’ ಎನ್ನಿ. ಇಲ್ಲವಾದರೆ ‘ಹೋಸ್’ ಎಂದೇ ಇರಲಿ. ಬರಿಯ ‘ಬ್ರೇಕ್ ಪೈಪ್’ ಮಾತ್ರ ಬೇಡ. ಕಾರಿನ ಮೈಗೆ ಅಂಟಿಕೊಂಡು ಬರುವ ಲೋಹದ ಕೊಳವೆಗೂ ಅದೇ ಹೆಸರು ನಡೆಯುವುದರಿಂದ ಅಂಗಡಿಯಲ್ಲಿ ಬೇರೆ ಸಾಮಾನು ಕೈಗೆ ಬರುತ್ತದೆ.

‘ಸೋರಿಕೆ’ಯನ್ನು ಒಡೆದು ಬರೆಯಿರಿ, ನಮ್ಮಲ್ಲಿ ಪದಗಳು ಬೇಕಾದಷ್ಟಿವೆ. ರಬ್ಬರನ್ನು ಲೋಹದ ತುದಿಗೆ ಅದುಮಿ ಕೂರಿಸಿದ ಜಾಗದಲ್ಲಿ ಬರೀ ತೇವ ಕಂಡು ಧೂಳು ಅಂಟಿದ್ದರೆ ಅದು ‘ಒಸರು’. ಒರೆಸಿದ ಮೇಲೆ ಮತ್ತೆ ಹನಿ ಕಟ್ಟಿದರೆ ‘ಜಿನುಗು’. ನೆಲಕ್ಕೆ ಬಿದ್ದರೆ ‘ತೊಟ್ಟಿಕ್ಕು’. ಹೋಸ್ ಒಸರಿದರೂ ಬದಲಿಸಬೇಕು ಎಂದು ಸ್ಪಷ್ಟವಾಗಿ ಹೇಳಿ. ‘ಸೋರಿಲ್ಲವಲ್ಲ’ ಎಂದು ಓದುಗರು ಸುಮ್ಮನಾಗಬಾರದು. ಮಳೆಗಾಲದಲ್ಲಿ ಕೆಸರು ತೊಳೆದು ಒಣಗಿಸಿದ ಮೇಲೇ ನೋಡಬೇಕು, ಇಲ್ಲದಿದ್ದರೆ ಎಲ್ಲವೂ ಒಸರಿದಂತೆ ಕಾಣುತ್ತದೆ. ಹೋಸನ್ನು ಕೈಯಲ್ಲಿ ಬಗ್ಗಿಸಿದಾಗ ಹೊರಬಾಗಿನಲ್ಲಿ ತೆರೆದುಕೊಳ್ಳುವುದು ‘ಬಿರುಕು’. ಇನ್ನೊಬ್ಬರು ಪೆಡಲ್ ಬಲವಾಗಿ ಒತ್ತಿ ಹಿಡಿದಾಗ ಏಳುವುದು ‘ಉಬ್ಬು’. ಉಬ್ಬು ಕಂಡ ಗಾಡಿಯನ್ನು ಓಡಿಸಲೇಬಾರದು.

ಕೈಪಿಡಿಯಲ್ಲಿ ನಿಜವಾಗಿ ಎಡವುವ ಪದ ‘ಹಿಡಿ’. ‘ಬ್ರೇಕ್ ಹಿಡೀತಿಲ್ಲ’ ಎಂದರೆ ಗಾಡಿ ನಿಲ್ಲುತ್ತಿಲ್ಲ. ‘ಬ್ರೇಕ್ ಹಿಡ್ಕಂಡಿದೆ’ ಎಂದರೆ ಕಾಲು ತೆಗೆದರೂ ಚಕ್ರ ಬಿಡುತ್ತಿಲ್ಲ. ಎರಡೂ ತದ್ವಿರುದ್ಧ ದೋಷ, ಆದರೆ ಎರಡಕ್ಕೂ ಹೋಸ್ ಕಾರಣವಾಗಬಹುದು. ಎರಡನೆಯದು ಆಗುವುದು ಹೀಗೆ: ಹಳೆಯ ಹೋಸಿನ ಒಳಪದರ ಊದಿಕೊಂಡರೆ ಅಥವಾ ಕಿತ್ತುಬಂದರೆ ಪೆಡಲಿನ ಒತ್ತಡ ದ್ರವವನ್ನು ಆಚೆ ನೂಕುತ್ತದೆ. ಹಿಂದಕ್ಕೆ ಬರಲು ಮಾತ್ರ ದಾರಿ ಸಿಗುವುದಿಲ್ಲ. ಹೊರಗೆ ಒಂದು ಗೆರೆಯೂ ಬಿದ್ದಿರುವುದಿಲ್ಲ. ಚಕ್ರ ಕಾಯುತ್ತದೆ, ಗಾಡಿ ಒಂದು ಕಡೆ ಎಳೆಯುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಹೀಗಾದರೆ ಬ್ರೇಕ್ ಕಾದದ್ದಕ್ಕೆ ಇಳಿಜಾರೇ ಕಾರಣ ಎಂದುಕೊಂಡು ಬಿಟ್ಟುಬಿಡುತ್ತಾರೆ.

ಕಂಡುಹಿಡಿಯುವ ಕ್ರಮ ಹೀಗೆ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ಹಿಡ್ಕಂಡಿರುವಾಗ ಮೊದಲು ಹೋಸಿಗೆ ಬಂದು ಸೇರುವ ಲೋಹದ ಪೈಪಿನ ನಟ್ ಸಡಿಲಿಸಿ. ಚಕ್ರ ಬಿಡದೆ, ಆಮೇಲೆ ಕ್ಯಾಲಿಪರಿನ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ನಿಪ್ಪಲ್ (ಗಾಳಿ, ದ್ರವ ಹೊರಬಿಡುವ ಸಣ್ಣ ತಿರುಪು) ಸಡಿಲಿಸಿದಾಗ ಬಿಟ್ಟರೆ ತಪ್ಪು ಹೋಸಿನದು. ನಿಪ್ಪಲ್ ಬಿಚ್ಚಿದರೂ ಬಿಡದಿದ್ದರೆ ಕ್ಯಾಲಿಪರ್ ನೋಡಬೇಕು.

ಬದಲಿಸುವ ಭಾಗದಲ್ಲಿ ಕೆಲವನ್ನು ಒತ್ತಿ ಹೇಳಿ. ಒಂದೇ ಆಕ್ಸಲ್‌ನ ಎರಡೂ ಕಡೆಯ ಹೋಸ್ ಜೊತೆಯಲ್ಲೇ ಬದಲಾಗಲಿ. ಪೈಪಿನ ನಟ್ ಸಾಮಾನ್ಯವಾಗಿ 10 ಅಥವಾ 11 ಮಿ.ಮೀ.; ಅದಕ್ಕೆ ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರೇ ಆಗಬೇಕು, ಮಾಮೂಲಿ ಸ್ಪ್ಯಾನರ್ ಮೂಲೆ ಸವೆಸುತ್ತದೆ. ಹೋಸಿನ ತುದಿಯನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿಯದಿದ್ದರೆ ಲೋಹದ ಪೈಪೇ ತಿರುಚಿಕೊಳ್ಳುತ್ತದೆ. ಬ್ಯಾಂಜೋ ಬೋಲ್ಟ್ (ಒಳಗೆ ದ್ರವ ಹರಿಯುವ ತೂತಿರುವ ಬೋಲ್ಟ್) ಇದ್ದರೆ ಎರಡೂ ತಾಮ್ರದ ವಾಷರ್ ಹೊಸವು. ಬಿಚ್ಚಿದ ಕ್ಯಾಲಿಪರನ್ನು ಹೋಸಿನಲ್ಲಿ ನೇತುಬಿಡದೆ ತಂತಿಯಿಂದ ಕಟ್ಟಬೇಕು.

‘ದ್ರವಸ್ರಾವ’ ತೆಗೆದುಹಾಕಿ. ಅಲ್ಲಿ ಹೊರಗೆ ಹೋಗಬೇಕಾದದ್ದು ಗಾಳಿ. ಗ್ಯಾರೇಜಿನ ‘ಏರ್ ತೆಗೆಯೋದು’ ಎಷ್ಟು ಖಚಿತವಾಗಿದೆ! ಕ್ರಮವೂ ಆ ಮಾತಿನಲ್ಲೇ ಬರೆಯಲಿ: ಪೆಡಲ್ ಒತ್ತಿ ಹಿಡಿ, ನಿಪ್ಪಲ್ ಕಾಲು ಸುತ್ತು ಬಿಚ್ಚು, ಮುಚ್ಚು, ಆಮೇಲೆ ಕಾಲು ಬಿಡು. ಮುಚ್ಚುವ ಮೊದಲು ಕಾಲು ಬಿಟ್ಟರೆ ಗಾಳಿ ಮತ್ತೆ ಒಳಗೆ. ಬಾನೆಟ್ಟಿನೊಳಗಿನ ಬ್ರೇಕ್ ದ್ರವದ ಡಬ್ಬಿಯಲ್ಲಿ ಮಟ್ಟ ಇಳಿಯದಂತೆ ತುಂಬುತ್ತಿರಬೇಕು.

‘ಬ್ರೇಕ್ ಆಯಿಲ್’ ಬಗ್ಗೆ ನನ್ನದು ಗಟ್ಟಿ ಆಕ್ಷೇಪ. ಕಾರುಗಳಲ್ಲಿ ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ದ್ರವಗಳು ಗ್ಲೈಕಾಲ್ ಮೂಲದವು, ಎಣ್ಣೆಯಲ್ಲ. ಈ ಹೆಸರು ಕೇಳಿ ಎಂಜಿನ್ ಆಯಿಲ್ ಸುರಿದರೆ ಬ್ರೇಕಿನ ರಬ್ಬರೆಲ್ಲ ಊದಿ ಹಾಳಾಗುತ್ತದೆ. ‘ಬ್ರೇಕ್ ದ್ರವ’ ಎಂದೇ ಬರೆಯಿರಿ. ಅದು ಗಾಳಿಯ ತೇವವನ್ನೂ ಹೀರುತ್ತದೆ: ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ್ದಕ್ಕೆ ಆ ಮಿತಿ 155. ಮಲೆನಾಡಿನ ಮಳೆಯಲ್ಲಿ ಬಾಯಿ ತೆರೆದಿಟ್ಟ ಡಬ್ಬಿಯದನ್ನು ಬಳಸಬಾರದು.

ಮತ್ತೊಬ್ಬರ ಸೇರ್ಪಡೆ: ಬಳುಕುಗೊಳವೆಗೆ ನನ್ನ ಒಪ್ಪಿಗೆಯಿದೆ. ‘ಟ್ವಿಸ್ಟ್’ ಆದ ಹೋಸಿಗೆ ಹಗ್ಗದವರ ಮಾತು ತನ್ನಿ: ‘ಹುರಿ ಬಿದ್ದಿದೆ’. ಹಲವು ಹೋಸುಗಳ ಮೇಲೆ ಉದ್ದಕ್ಕೂ ಒಂದು ಗೆರೆ ಇರುತ್ತದೆ; ಜೋಡಿಸಿದ ಮೇಲೆ ಅದು ಸುತ್ತಿಕೊಂಡು ಕಂಡರೆ ಹುರಿ ಬಿದ್ದಂತೆ, ಬಿಚ್ಚಿ ಮತ್ತೆ ಕೂರಿಸಬೇಕು. ಹಾಗೆಯೇ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಚಕ್ರ ಜೋತುಬಿದ್ದಾಗ ಒಮ್ಮೆ, ನೆಲದ ಮೇಲೆ ಒಮ್ಮೆ, ಹೋಸ್ ಟೈರಿಗೆ ಉಜ್ಜುತ್ತದೆಯೇ ನೋಡುವುದನ್ನು ಸೇರಿಸಿ. ಹಿಮ್ಮುರಿ ತಿರುವುಗಳಲ್ಲಿ ಸ್ಟೀರಿಂಗ್ ಹೆಚ್ಚುಕಡಿಮೆ ಅಷ್ಟೇ ತಿರುಗುತ್ತದೆ.